ಎರಡನೇ ಬ್ರೇಕು

ಕ್ಲಾಸಿನಲ್ಲಿ ಅವಳಿಗೆ ಬಿದ್ದಿದ್ದ ಅಡ್ಡಹೆಸರು 'ಹಲೋ'. ಫೋನಿನಲ್ಲಿ ಆ ಕಡೆಯವರ ದನಿ ಕೇಳಿಸದಿದ್ದಾಗ ಜನ ಹಲೋ ಹಲೋ ಎಂದು ಬಡಬಡಿಸುತ್ತಾರಲ್ಲ, ಹಾಗೆ ನಾಲ್ಕು ಸಲ ಕೂಗದೆ ಅವಳು ಈ ಲೋಕಕ್ಕೆ ಬರುತ್ತಿರಲಿಲ್ಲ. ಫಿಸಿಕ್ಸ್ ಮಿಸ್ ಪಾಠದ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಉತ್ತರವಿಲ್ಲ. ಮತ್ತೆ ಕೇಳುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ ಮೂಗಿನಲ್ಲೇ "ಹಲೋ... ಹಲೋ..." ಎನ್ನುತ್ತಿದ್ದರು. ಕ್ಲಾಸು ಗೊಳ್ಳೆಂದು ನಕ್ಕಾಗ ಅವಳು ಗಡಬಡಿಸಿ ಎದ್ದು ನಿಲ್ಲುತ್ತಿದ್ದಳು.

"ಉತ್ತರ ಗೊತ್ತಿಲ್ವೋ, ಪ್ರಶ್ನೆ ಗೊತ್ತಿಲ್ವೋ?"

"ಎರಡೂ ಮಿಸ್."

ಇದೇ ಹುಡುಗಿ ಏಳನೇ ಕ್ಲಾಸಿನಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದಳು ಎಂದರೆ ಹೊಸದಾಗಿ ಬಂದ ಮೇಷ್ಟರುಗಳು ನಂಬುತ್ತಿರಲಿಲ್ಲ. ಈಗ ಒಂಬತ್ತನೆಯದು ಮುಗಿಯುತ್ತ ಬಂದಿತ್ತು. ಅಂಕಗಳು ಮೆಟ್ಟಿಲಿಳಿಯುವ ಹಾಗೆ ಒಂದೊಂದಾಗಿ ಇಳಿದು, ಕಡೆಗೆ ಮೆಟ್ಟಿಲೂ ಮುಗಿದು ನೆಲಕ್ಕೆ ಬಂದಿದ್ದವು.

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲವೆಂದಲ್ಲ. ಕೇಳಿಸಿಕೊಳ್ಳುವುದನ್ನು ಬಿಟ್ಟು ಅವಳು ಬೇರೇನನ್ನೂ ಮಾಡುತ್ತಿರಲಿಲ್ಲ. ಆದರೆ ಅವಳ ಕಿವಿ ಇದ್ದದ್ದು ಕರಿಹಲಗೆಯ ಕಡೆಗಲ್ಲ, ಕಿಟಕಿಯ ಕಡೆಗೆ.

ಶಾಲೆಯ ಹಿಂದಿನ ರಸ್ತೆ ಅಗಲವಾಗಿತ್ತು. ಅಂಗಡಿಗಳಿರಲಿಲ್ಲ, ಓಡಾಟ ಕಡಿಮೆ. ಕಾರು ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಅವಳ ಅಪ್ಪ ಡ್ರೈವಿಂಗ್ ಕಲಿಸುವವನು. ತಲೆಯ ಮೇಲೆ ಬೋರ್ಡು ಹೊತ್ತ ಅವನ ಬಿಳಿ ಕಾರು ಬೆಳಗಿನಿಂದ ಸಂಜೆಯವರೆಗೆ ಆ ರಸ್ತೆಯಲ್ಲಿ ಹೋಗುತ್ತಿತ್ತು, ಬರುತ್ತಿತ್ತು, ನಿಲ್ಲುತ್ತಿತ್ತು. ಆ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಅಪ್ಪನ ಕಾಲ ಕೆಳಗೆ. ಕಲಿಯುವವರು ಬ್ರೇಕು ಹಾಕಿದರೆ ಕಾರು ಮುಗ್ಗರಿಸಿ, ಇಂಜಿನ್ನು ಕೆಮ್ಮಿ ಆಫ್ ಆಗುತ್ತಿತ್ತು. ಅಪ್ಪ ಹಾಕಿದರೆ ಟೈರು ಒಮ್ಮೆ ಕಿರ್ರೆಂದು, ಕತ್ತರಿಸಿದಂತೆ ನಿಲ್ಲುತ್ತಿತ್ತು. ಈ ಎರಡು ಸದ್ದುಗಳ ವ್ಯತ್ಯಾಸ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು.

ಎರಡನೇ ಬ್ರೇಕು ಅಪರೂಪಕ್ಕೊಮ್ಮೆ ಕೇಳಿಸಿದ ದಿನ ಮನೆ ಮನೆಯಂತಿರುತ್ತಿತ್ತು. ಮೇಲಿಂದ ಮೇಲೆ ಕೇಳಿಸಿದ ದಿನ ಅಪ್ಪ ಬಾಗಿಲು ತೆಗೆಯುವ ರೀತಿಯೇ ಬೇರೆ. ದಿನವಿಡೀ ಕಾಲಿನಲ್ಲಿ ಅದುಮಿಟ್ಟದ್ದು ಸಂಜೆ ಕೈಗೆ ಬರುತ್ತಿತ್ತು. ಮನೆಯಲ್ಲಿ ಎರಡನೇ ಬ್ರೇಕು ಇರಲಿಲ್ಲ. ಒಂದೇ ಇತ್ತು, ಅದು ಇದ್ದದ್ದೂ ಅಪ್ಪನ ಬಳಿಯೇ.

ಹಾಗಾಗಿ ಅಂಥ ದಿನ ಅವಳು ಗಂಟೆ ಹೊಡೆದ ಕೂಡಲೇ ಮನೆಗೆ ಓಡಬೇಕಿತ್ತು. ಅಮ್ಮ ಗುಂಡಿ ಹಾಕಲು ತಂದ ಅಂಗಿಗಳ ರಾಶಿ ಮಂಚದಿಂದ ಎತ್ತಬೇಕು. ಟಿವಿ ಆರಿಸಬೇಕು. ಬಚ್ಚಲಿಗೆ ಒಣಗಿದ ಟವೆಲು ಹಾಕಬೇಕು. ಅಮ್ಮನಿಗೆ "ಇವತ್ತು ಸರಿಯಿಲ್ಲ" ಎಂದರೆ ಸಾಕು, ಅಮ್ಮ ಬಳೆ ತೆಗೆದಿಡುತ್ತಿದ್ದಳು. ಒಡೆದ ಬಳೆ ಚುಚ್ಚುತ್ತದೆ. ಇದರಿಂದ ಪೆಟ್ಟು ತಪ್ಪುತ್ತಿತ್ತೆಂದಲ್ಲ. ಕೆಲವು ಸಲ ಕಡಿಮೆಯಾಗುತ್ತಿತ್ತು. ಆ ಕೆಲವು ಸಲಕ್ಕಾಗಿ ಅವಳು ಇಡೀ ದಿನ ಕಿಟಕಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಹೊರಗೆ ಸದ್ದಿಲ್ಲದಾಗ ಮಾತ್ರ ಪಾಠ ಕಿವಿಗೆ ಬೀಳುತ್ತಿತ್ತು. ಹಾಗೆ ಬಿದ್ದ ಚೂರುಪಾರಿನಲ್ಲೇ ಎಂಟನೇ ಕ್ಲಾಸು ದಾಟಿದ್ದಳು.

ಒಂಬತ್ತರಲ್ಲಿ ಫಿಸಿಕ್ಸ್ ಮಿಸ್ ಅವಳ ಮೇಲೆ ಕನಿಕರಪಟ್ಟು, "ಕಿಟಕಿ ಪಕ್ಕ ಕೂತು ಹಗಲುಗನಸು ಕಾಣ್ತಾಳೆ" ಎಂದು ಮುಂದಿನ ಬೆಂಚಿಗೆ, ವರಾಂಡದ ಕಡೆಗೆ ತಂದು ಕೂರಿಸಿದರು. ಅಲ್ಲಿಗೆ ಕಾರಿನ ಸದ್ದು ಅರ್ಧಂಬರ್ಧ ಬರುತ್ತಿತ್ತು. ಕೇಳಿಸಿದ್ದು ಮೊದಲನೆಯದೋ ಎರಡನೆಯದೋ ಎಂದು ತೂಗುವುದರಲ್ಲೇ ಪಿರಿಯಡ್ಡು ಮುಗಿಯುತ್ತಿತ್ತು. ಮೊದಲು ಬೀಳುತ್ತಿದ್ದ ಚೂರುಪಾರೂ ನಿಂತುಹೋಯಿತು.

*

ಹೆಡ್‌ಮಿಸ್ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಡ್‌ಮಿಸ್ ಕುರ್ಚಿಯಿಂದ ಅರ್ಧ ಎದ್ದರು.

"ಬನ್ನಿ ಮೇಷ್ಟ್ರೇ, ಬನ್ನಿ. ನೋಡಿ, ನಿಮ್ಮ ಶಿಷ್ಯೆ ನಿಮ್ಮನ್ನೇ ಕರೆಸೋ ಹಾಗಾಯ್ತು."

ಹೆಡ್‌ಮಿಸ್ ಕಾರು ಕಲಿತದ್ದು ಅಪ್ಪನ ಬಳಿಯೇ. ಅದನ್ನು ಪಕ್ಕದಲ್ಲಿ ಕೂತಿದ್ದ ಫಿಸಿಕ್ಸ್ ಮಿಸ್‌ಗೆ ಹೇಳದೆ ಬಿಡಲಿಲ್ಲ. "ನನ್ನ ಕೈಗೆ ಸ್ಟೇರಿಂಗು ಕೊಟ್ಟವರಿಗೆ ಪದಕ ಕೊಡಬೇಕು ಕಣ್ರೀ. ಇದೇ ಶಾಲೆ ಗೇಟಿಗೆ ಗುದ್ದಿದ್ದೀನಿ. ಒಂದು ಮಾತು ಅನ್ನಲಿಲ್ಲ. 'ಗೇಟು ಎಲ್ಲಿಗೂ ಹೋಗಲ್ಲ ಮೇಡಂ, ಮತ್ತೆ ಪ್ರಯತ್ನ ಮಾಡಿ' ಅಂದ್ರು. ಇಂಥ ತಾಳ್ಮೆ ನಮ್ಮ ಸ್ಟಾಫಿನಲ್ಲಿ ಯಾರಿಗಿದೆ?"

ಅಪ್ಪ ತಲೆ ತಗ್ಗಿಸಿ ನಕ್ಕ. ಹುಡುಗಿಗೆ ಆ ಗೇಟಿನ ದಿನ ನೆನಪಿತ್ತು. ಅಂದು ಸಂಜೆಯೇ ಅಮ್ಮನ ಎಡಗಿವಿಯ ಮೇಲೆ ಅಂಗೈ ಚಪ್ಪಟೆಯಾಗಿ ಬಿದ್ದದ್ದು. ಆಮೇಲೆ ಆ ಕಿವಿಯಿಂದ ಸ್ವಲ್ಪ ದಿನ ನೀರು ಸೋರಿತು, ನಿಂತಿತು, ಜೊತೆಗೆ ಕೇಳಿಸುವುದೂ ನಿಂತಿತು. "ಎರಡಿದೆಯಲ್ಲ, ಒಂದು ಸಾಕು" ಎಂದಿದ್ದಳು ಅಮ್ಮ.

ಮಾತು ಅಂಕಕ್ಕೆ ಬಂದಿತು. ಹತ್ತನೇ ಕ್ಲಾಸೆಂದರೆ ಪಬ್ಲಿಕ್ ಪರೀಕ್ಷೆ. ಶಾಲೆಯ ಫಲಿತಾಂಶಕ್ಕೆ ಕಪ್ಪು ಚುಕ್ಕೆ ಬರುವಂಥವರನ್ನು ಈ ಶಾಲೆ ಒಂಬತ್ತರಲ್ಲೇ ಸೋಸಿ, "ಪ್ರೈವೇಟಾಗಿ ಕಟ್ಟಿಸಿ" ಎಂದು ಮನೆಗೆ ಕಳಿಸುತ್ತಿತ್ತು.

"ನನಗೆ ಮನಸ್ಸಿಲ್ಲ ಮೇಷ್ಟ್ರೇ, ಆದರೆ ಕಮಿಟಿ ಕೇಳುತ್ತೆ. ಒಂದು ದಾರಿ ಇದೆ. ಇವಳಿಗೆ ಕಿವಿ ಸರಿಯಾಗಿ ಕೇಳಲ್ವೇನೋ ಅಂತ ನಮಗೆಲ್ಲ ಅನುಮಾನ. ಪರೀಕ್ಷೆ ಮಾಡಿಸಿ. ಕಿವಿ ದೋಷ ಅಂತ ಆದರೆ ಇಲ್ಲಿಂದಲೇ ಕೂರಿಸ್ತೀವಿ, ಪರೀಕ್ಷೇಲಿ ಹೆಚ್ಚಿನ ಸಮಯಾನೂ ಕೊಡಿಸ್ತೀವಿ. ಕಿವಿ ಸರಿ ಇದ್ದರೆ..." ಎಂದು ಹೆಡ್‌ಮಿಸ್ ಹುಡುಗಿಯ ಕಡೆ ನೋಡಿದರು. "ಆಗ ಅದು ಅವಳ ಹಟ. ನಾನೇನೂ ಮಾಡೋಕಾಗಲ್ಲ."

"ಕಿವಿ ಏನಾದರೂ ಇರಬಹುದು ಮೇಡಂ," ಅಂದ ಅಪ್ಪ ಮೆತ್ತಗೆ. "ಅವರ ಅಮ್ಮನ ಕಡೆಯಿಂದ ಬಂದಿರಬೇಕು."

*

ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ಮಗಳು ಇಬ್ಬರೇ ಇದ್ದರು. ಮಗಳು ಅಭ್ಯಾಸದಂತೆ ಅಮ್ಮನ ಬಲಕ್ಕೆ ಕೂತಿದ್ದಳು. ಅಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿ, ಅಂಗಿ ಕೊಡವಿ ಹೇಳಿದಳು:

"ಇಷ್ಟೇ ತಾನೇ ಕಣೆ? ಕೇಳಿಸಿದ್ರೂ ಕೇಳಿಸ್ಲಿಲ್ಲ ಅನ್ನು. ಇದಕ್ಕೆ ಓದೋದೇನೂ ಬೇಡವಲ್ಲ."

"ಸುಳ್ಳು ಹೇಳೋದಾ?"

"ಮೆಟ್ಟಿಲಿಂದ ಜಾರಿ ಬಿದ್ದೆ ಅಂತ ನಾನು ಎಷ್ಟು ಸಲ ಹೇಳಿಲ್ಲ. ಒಂದು ಸಲ ನೀನು ಹೇಳು."

"ನಮ್ಮನೇಲಿ ಮೆಟ್ಟಿಲೇ ಇಲ್ಲವಲ್ಲಮ್ಮ."

"ಅದನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ ನೋಡು," ಎಂದಳು ಅಮ್ಮ. ಇಬ್ಬರಿಗೂ ನಗು ಬಂದಿತು. ಬಂದಷ್ಟೇ ಬೇಗ ಹೋಯಿತು. ಅಮ್ಮ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ, "ಮನೇಲಿ ಕೂತರೆ ನೀನು ನನ್ನ ಹಾಗೇ ಆಗ್ತೀಯ. ಶಾಲೆ ಬಿಡಬೇಡ ಕಣೆ," ಎಂದಳು.

ಹುಡುಗಿ ತೀರ್ಮಾನಿಸಿದಳು. ಸುಳ್ಳು ಹೇಳಲು ಬಾಯಿ ಸಹ ಬೇಕಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು. ಕ್ಲಾಸಿನಲ್ಲಿ ಅವಳು ದಿನಾ ಮಾಡುವುದು ಅದನ್ನೇ ಎಂದು ಎಲ್ಲರೂ ಹೇಳುತ್ತಿದ್ದರಲ್ಲ.

*

ಕಿವಿ ಪರೀಕ್ಷೆ ಮಾಡುವಾಕೆ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಅಪ್ಪ ವರಾಂಡದಲ್ಲಿ ಯಾರೊಂದಿಗೋ ಫೋನಿನಲ್ಲಿ ಕ್ಲಾಸಿನ ಸಮಯ ಹೊಂದಿಸುತ್ತ ದೂರ ಹೋದ. ಅಮ್ಮ ಒಳಗೆ ಕುರ್ಚಿಯ ಅಂಚಿನಲ್ಲಿ ಕೂತಳು.

ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಗೋಡೆಗೆಲ್ಲ ಮೆತ್ತೆ, ಮುಂದೆ ಗಾಜಿನ ಕಿಟಕಿ. ಹುಡುಗಿಯ ತಲೆಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು.

"ಪೀ ಅಂತ ಸದ್ದು ಬರುತ್ತೆ ಮರಿ. ಮೊದಲು ಜೋರಾಗಿ, ಆಮೇಲೆ ಸಣ್ಣಗೆ. ಎಷ್ಟೇ ಸಣ್ಣಗೆ ಕೇಳಿಸಿದ್ರೂ ಒತ್ತು. ಕೇಳಿಸದಿದ್ರೆ ಬಿಡು. ಇದರಲ್ಲಿ ಪಾಸು ಫೇಲು ಇಲ್ಲ."

ಇದೆ ಎಂದು ಹುಡುಗಿಗೆ ಗೊತ್ತಿತ್ತು. ಮತ್ತು ಅವಳು ಫೇಲಾಗಲು ಬಂದಿದ್ದಳು.

ಬಾಗಿಲು ಮುಚ್ಚಿತು. ಇಷ್ಟು ನಿಶ್ಶಬ್ದವನ್ನು ಅವಳು ಎಲ್ಲೂ ಕಂಡಿರಲಿಲ್ಲ. ನಿಶ್ಶಬ್ದವೆಂದರೆ ಅವಳ ಮನೆಯಲ್ಲಿ ಏನೋ ಶುರುವಾಗುವ ಮುಂಚಿನ ಹೊತ್ತು. ಮೊದಲ ಸದ್ದು ಬಂದಿತು. ಬಿಡಬೇಕು ಎಂದುಕೊಂಡಳು. ಅಂದುಕೊಳ್ಳುವಷ್ಟರಲ್ಲಿ ಹೆಬ್ಬೆರಳು ಒತ್ತಿಯಾಗಿತ್ತು.

ಇನ್ನೊಂದು. ಈ ಸಲ ಹಲ್ಲು ಕಚ್ಚಿ ಕಾದಳು. ಹೆಬ್ಬೆರಳು ಅವಳ ಮಾತು ಕೇಳಲಿಲ್ಲ. ಸದ್ದು ಇಳಿಯಿತು, ಬೆರಳು ಒತ್ತಿತು. ಸೊಳ್ಳೆಯ ರೆಕ್ಕೆಯಷ್ಟಕ್ಕೆ ಇಳಿಯಿತು, ಒತ್ತಿತು. ಗುಂಡಿಯನ್ನು ಎಡಗೈಗೆ ಬದಲಿಸಿದಳು. ಎಡಗೈಯೂ ಅದನ್ನೇ ಕಲಿತಿತ್ತು. ಎಷ್ಟೋ ವರ್ಷಗಳಿಂದ ಅವಳಿಗೆ ಕೇಳಿಸುವುದಕ್ಕೂ ಎದ್ದೇಳುವುದಕ್ಕೂ ನಡುವೆ ಯೋಚನೆಗೆ ಜಾಗ ಉಳಿದಿರಲಿಲ್ಲ. ಯೋಚಿಸಿ ಎದ್ದರೆ ತಡವಾಗುತ್ತಿತ್ತು. ಆ ಅಭ್ಯಾಸವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಬಿಡು ಎಂದರೆ ಕೈ ಬಿಟ್ಟೀತೆ? ಗಾಜಿನಾಚೆ ಅಮ್ಮ ಅವಳ ಬೆರಳನ್ನೇ ನೋಡುತ್ತಿದ್ದಳು. ಗುಂಡಿ ಒತ್ತಿದಾಗಲೆಲ್ಲ ಮಿಷನ್ನಿನ ಮೇಲೊಂದು ಹಸಿರು ದೀಪ ಹೊತ್ತುತ್ತಿತ್ತು. ದೀಪ ಹೊತ್ತಿದಾಗಲೆಲ್ಲ ಅಮ್ಮನ ಮುಖ ಆರುತ್ತಿತ್ತು.

ಹೊರಗೆ ಬಂದಾಗ ಆಕೆ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, ಫಲಿತಾಂಶದ ಕಾಗದದ ಮೇಲಿನ ಗೆರೆ ತೋರಿಸಿದಳು.

"ಈ ಸೊನ್ನೆ ನೋಡು. ಸೊನ್ನೆ ಅಂದರೆ ಸದ್ದೇ ಇಲ್ಲ ಅಂತಲ್ಲ. ಆರೋಗ್ಯವಾಗಿರೋ ಎಳೇ ಕಿವಿಗೆ ಸಾಮಾನ್ಯವಾಗಿ ಕೇಳೋ ಅತಿ ಸಣ್ಣ ಸದ್ದು. ನಿನಗೆ ಅದಕ್ಕಿಂತ ಸಣ್ಣ ಸದ್ದೂ ಕೇಳಿಸಿದೆ. ನನ್ನ ಮಿಷನ್ನು ಅದಕ್ಕಿಂತ ಕೆಳಗೆ ಹೋಗಲ್ಲ, ಇಲ್ಲದಿದ್ದರೆ ನೀನು ಇನ್ನೂ ಹೋಗ್ತಿದ್ದೆ. ಇಂಥ ಕಿವೀನ ಕಿವುಡು ಅಂತ ಕಳಿಸಿದವರು ಯಾರು?"

ಹುಡುಗಿ ಅಮ್ಮನ ಮುಖ ನೋಡಲಿಲ್ಲ.

"ಆದರೆ ಒಂದು ವಿಷಯ. ನಾನು ಏನೂ ಸದ್ದು ಕೊಡದೇ ಇದ್ದಾಗಲೂ ಕೆಲವು ಸಲ ಒತ್ತಿದೆ. ಯಾಕೆ?"

"ಹೊರಗೆ ಬೀಗದ ಕೈ ಗೊಂಚಲಿನ ಸದ್ದಾಯ್ತು. ಆಮೇಲೆ ಯಾರೋ ಕುರ್ಚಿ ಎಳೆದ್ರು."

ಆಕೆ ಪುಟ್ಟ ಕೋಣೆಯ ಬಾಗಿಲಿನತ್ತ ನೋಡಿದಳು. "ಬಾಗಿಲಿನ ರಬ್ಬರು ಸವೆದಿದೆ, ನಿಜ. ಆದರೂ ಹೆಡ್‌ಫೋನು ಹಾಕ್ಕೊಂಡು ಅದು ಕೇಳಿಸ್ತಾ?" ಎಂದು ತನ್ನಷ್ಟಕ್ಕೇ ಅಂದುಕೊಂಡು, ಎದ್ದು ಬೀರುವಿನ ಕಡೆ ಹೋಗಿ, ಅಲ್ಲಿಂದಲೇ ಅಮ್ಮನನ್ನು ಕೇಳಿದಳು, "ಮನೇಲಿ ತುಂಬ ಗಲಾಟೆನಾ ಅಮ್ಮಾ?"

ಬೀರು ಇದ್ದದ್ದು ಅಮ್ಮನ ಎಡಕ್ಕೆ. ಅಮ್ಮ ನೇರ ನೋಡುತ್ತ ಕೂತೇ ಇದ್ದಳು. ಆಕೆ ಮತ್ತೆ ಕೇಳಿದಳು. ಆಮೇಲೆ ಸುಮ್ಮನೆ ಒಂದು ಹೆಜ್ಜೆ ಮುಂದೆ ಬಂದು, ಅಮ್ಮನ ಎಡಗಿವಿಯನ್ನು, ಅಲ್ಲಿಂದ ಕೆಳಗೆ ದವಡೆಯಂಚನ್ನು ನಿಧಾನವಾಗಿ ನೋಡಿದಳು. ಮತ್ತೆ ಹುಡುಗಿಯ ಪಕ್ಕ ಬಂದು ಕೂತು ದನಿ ತಗ್ಗಿಸಿದಳು.

"ನೀನು ಇಷ್ಟು ಎಚ್ಚರವಾಗಿ ಕಾಯ್ತಾ ಇರೋದು ಯಾರನ್ನ ಮರಿ?"

ಯಾರೂ ಇದುವರೆಗೆ ಹೀಗೆ ಕೇಳಿರಲಿಲ್ಲ. ಯಾಕೆ ಕೇಳಿಸಿಕೊಳ್ಳಲ್ಲ ಎಂದೇ ಎಲ್ಲರೂ ಕೇಳಿದ್ದರು.

"ನಮ್ಮಪ್ಪ..." ಎಂದಳು. ಅಲ್ಲಿಗೇ ನಿಲ್ಲಿಸಿದಳು. ಬೆನ್ನು ನೆಟ್ಟಗಾಯಿತು. ಕೈಗಳು ತೊಡೆಯ ಮೇಲೆ ಹೋಗಿ ಕೂತವು.

"ಹೇಳು. ಇಲ್ಲಿ ಯಾರೂ ಇಲ್ಲ."

ಹುಡುಗಿ ಬೇಡವೆಂಬಂತೆ ತಲೆಯಾಡಿಸಿದಳು. ಪರೀಕ್ಷೆ ಮಾಡಿದಾಕೆಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಪ್ಪ ಬೀಗದ ಕೈ ತಿರುಗಿಸುತ್ತ ಒಳಗೆ ಬಂದ. ಆಕೆ ಬಾಗಿಲ ಕಡೆ ನೋಡಲಿಲ್ಲ. ಹುಡುಗಿಯನ್ನೇ ನೋಡುತ್ತಿದ್ದಳು.

"ಏನಂತೆ ಮೇಡಂ ನಮ್ಮ ರಾಜಕುಮಾರಿ ಕಿವಿ?"

"ಚೆನ್ನಾಗಿದೆ. ತೀರಾ ಚೆನ್ನಾಗಿದೆ." ಆಕೆಯ ದನಿ ಒಣಗಿತ್ತು. "ನಿಮ್ಮ ಹೆಂಡತಿಯವರ ಎಡಗಿವಿ ನೋಡಬೇಕು. ನಾಳೆ ಅವರೊಬ್ಬರೇ ಬರಲಿ."

"ಅವಳಿಗೇನು ಬಿಡಿ ಮೇಡಂ. ಬೇಕಾದ್ದು ಕೇಳುತ್ತೆ, ಬೇಡದ್ದು ಕೇಳಲ್ಲ." ಅಪ್ಪ ನಕ್ಕ. ಆಕೆ ನಗಲಿಲ್ಲ. ಅದನ್ನು ಗಮನಿಸಿ ಅಪ್ಪನೂ ನಗು ನಿಲ್ಲಿಸಿದ. "ಆಯ್ತು, ಬರ್ತಾಳೆ."

ಆ 'ಬರ್ತಾಳೆ' ಎಂಬುದರ ದನಿಯಲ್ಲೇ ಅಮ್ಮ ಬರುವುದಿಲ್ಲ ಎಂಬುದು ಹುಡುಗಿಗೆ ತಿಳಿಯಿತು.

*

ಕಿವಿ ಪರೀಕ್ಷೆ ಮಾಡಿದಾಕೆ ಸುಮ್ಮನೆ ಕೂರಲಿಲ್ಲ. ಹೆಡ್‌ಮಿಸ್‌ಗೆ ತಾನೇ ಫೋನು ಮಾಡಿದಳು. ಅದು ಹುಡುಗಿಗೆ ಗೊತ್ತಾದದ್ದು ವಾರ ಕಳೆದು ಮತ್ತೆ ಎಲ್ಲರೂ ಹೆಡ್‌ಮಿಸ್ ಕೋಣೆಯಲ್ಲಿ ಕೂತಾಗ. ಹೆಡ್‌ಮಿಸ್ ಒಳ್ಳೆಯ ಹೆಂಗಸು. ಏನಿದ್ದರೂ ಎದುರಿಗೇ ಹೇಳುತ್ತಾರೆಂದು ಹೆಸರಾದವರು. ತಂದೆತಾಯಿಯ ಬೆನ್ನ ಹಿಂದೆ ಮಕ್ಕಳ ವಿಷಯ ಮಾತಾಡಬಾರದೆಂಬುದು ಅವರ ಶಾಲೆಯ ಪದ್ಧತಿ.

"ನೋಡಿ ಮೇಷ್ಟ್ರೇ, ಕಿವಿ ಪರೀಕ್ಷೆ ಮಾಡಿದ ಮೇಡಂ ಫೋನ್ ಮಾಡಿದ್ರು. ಮಗು ಕಿವಿ ಚಿನ್ನದಂಥದ್ದಂತೆ. ಆದರೆ ಏನೋ ಹೆದರಿಕೆ ಇರಬಹುದು, ಒಬ್ಬಳನ್ನೇ ಕೂರಿಸ್ಕೊಂಡು ಮನೆ ವಿಷಯ ಕೇಳಿ ಅಂದ್ರು. ನಾನು ಅಂದೆ, ಒಬ್ಬಳನ್ನೇ ಯಾಕ್ರೀ, ಆ ಮನುಷ್ಯನ್ನ ನಾನು ಬಲ್ಲೆ, ಮುಚ್ಚುಮರೆ ಏನಿದೆ, ಎಲ್ಲರ ಎದುರಿಗೇ ಕೇಳ್ತೀನಿ ಅಂತ."

"ಕೇಳಿ ಮೇಡಂ, ಧಾರಾಳವಾಗಿ," ಅಂದ ಅಪ್ಪ. ಅವನ ಬಲಗಾಲು ನೆಲದ ಮೇಲೆ ಇಲ್ಲದ ಪೆಡಲೊಂದನ್ನು ಮೆಲ್ಲಗೆ ಒತ್ತಿತು. ಅದು ಕಂಡದ್ದು ಹುಡುಗಿಗೆ ಮಾತ್ರ.

ಹೆಡ್‌ಮಿಸ್ ಮುಂದೆ ಬಾಗಿದರು. "ನೋಡಮ್ಮ, ಇದು ಕೊನೇ ಅವಕಾಶ. ಕಿವಿ ಸರಿ ಇದೆ. ಮನೇಲಿ ಏನು ಕೊರತೆ ನಿಂಗೆ? ಯಾಕೆ ಪಾಠ ಕೇಳಿಸ್ಕೊಳ್ಳಲ್ಲ? ಒಂದೇ ಒಂದು ಕಾರಣ ಕೊಡು, ನಾನು ಕಮಿಟಿ ಹತ್ರ ಮಾತಾಡ್ತೀನಿ."

ಕೋಣೆಯಲ್ಲಿ ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಅಮ್ಮ ಅಪ್ಪನಾಚೆ ಕೂತಿದ್ದಳು, ಎಡಗಿವಿ ಈ ಕಡೆಗೆ. ಫಿಸಿಕ್ಸ್ ಮಿಸ್ ಪೆನ್ನಿನ ಮುಚ್ಚಳ ಹಾಕಿ ತೆಗೆಯುತ್ತಿದ್ದರು. ಹುಡುಗಿ ಮನಸ್ಸಿನಲ್ಲಿ ಒಂದೊಂದೇ ವಾಕ್ಯ ಎತ್ತಿ ನೋಡಿದಳು. ಹೆಚ್ಚಿನವು ಬಾಯಿಂದ ಹೊರಬಂದರೆ ಅಮ್ಮನ ಮೈಮೇಲೆ ಹೋಗಿ ಬೀಳುವಂಥವು. ಹಾಗೆ ಬೀಳದ, ಆದರೂ ಸುಳ್ಳಲ್ಲದ ವಾಕ್ಯ ಒಂದೇ ಉಳಿಯಿತು. ಬುದ್ಧಿವಂತರು ಇವರು, ಅರ್ಥ ಮಾಡಿಕೊಂಡಾರು ಎಂದುಕೊಂಡಳು.

"ಹಿಂದಿನ ರಸ್ತೇಲಿ ಅಪ್ಪನ ಕಾರು ಓಡಾಡ್ತಾ ಇರುತ್ತೆ ಮಿಸ್. ನಾನು ಅದರ ಸದ್ದನ್ನೇ ಕೇಳ್ತಾ ಇರ್ತೀನಿ. ಇಡೀ ದಿನ. ಬೇರೇನೂ ಕೇಳಿಸಲ್ಲ."

ಫಿಸಿಕ್ಸ್ ಮಿಸ್ ಪೆನ್ನು ಹಿಡಿದ ಕೈ ನಿಂತಿತು. ಅವರು ಹುಡುಗಿಯನ್ನು, ಆಮೇಲೆ ಅಮ್ಮನನ್ನು ನೋಡಿದರು. ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆಡ್‌ಮಿಸ್ ಕುರ್ಚಿಗೆ ಒರಗಿ ನಕ್ಕುಬಿಟ್ಟರು. ಅವರ ಕಣ್ಣಲ್ಲಿ ನೀರೂ ಬಂದಿತ್ತು.

"ಅಯ್ಯೋ ಹುಚ್ಚು ಹುಡುಗಿ. ಅಪ್ಪನ ಮೇಲೆ ಅಷ್ಟೊಂದು ಪ್ರೀತೀನಾ? ಕೇಳಿದ್ರಾ ಮೇಷ್ಟ್ರೇ? ನನ್ನ ಮಗಳು ನನ್ನ ಕಾರು ಕಂಡರೆ ಮುಖ ತಿರುಗಿಸ್ತಾಳೆ. ಪುಣ್ಯವಂತರು ನೀವು."

ಫಿಸಿಕ್ಸ್ ಮಿಸ್ ತೆರೆದ ಬಾಯಿ ಮುಚ್ಚಿ, ಪೆನ್ನಿಗೆ ಮುಚ್ಚಳ ಹಾಕಿದರು.

ಅಪ್ಪ ಕೈ ಚಾಚಿ ಹುಡುಗಿಯ ನೆತ್ತಿಯ ಮೇಲಿಟ್ಟ. ಆ ಕೈ ಹಗುರವಾಗಿರಲಿಲ್ಲ.

"ಆದರೆ ಇದನ್ನ ಕಮಿಟಿಗೆ ಹೇಳೋಕಾಗುತ್ತಾ?" ಹೆಡ್‌ಮಿಸ್ ಕಣ್ಣೊರೆಸಿಕೊಂಡರು. "ಹೀಗೆ ಮಾಡೋಣ. ಒಂದು ವರ್ಷ ಮನೇಲೇ ಓದಲಿ, ಪ್ರೈವೇಟಾಗಿ ಕಟ್ಟಲಿ. ಅಪ್ಪನ ಕಣ್ಣೆದುರಿಗೇ ಇದ್ದರೆ ಮನಸ್ಸು ನಿಲ್ಲುತ್ತೆ."

"ಅದೇ ಸರಿ ಮೇಡಂ," ಅಂದ ಅಪ್ಪ. "ನಾನೇ ನೋಡ್ಕೋತೀನಿ."

*

ಅಪ್ಪ ಕಾರು ತರಲು ಹೋದ. ಅಮ್ಮ ಮಗಳು ಗೇಟಿನ ಬಳಿ ನಿಂತರು. ಗುದ್ದಿಸಿಕೊಂಡ ಗೇಟು ಇನ್ನೂ ಸ್ವಲ್ಪ ಒಳಕ್ಕೆ ಬಾಗಿಯೇ ಇತ್ತು. ಒಳಗೆ ಯಾವುದೋ ಕ್ಲಾಸು ಒಕ್ಕೊರಲಿನಲ್ಲಿ ಏನನ್ನೋ ಬಾಯಿಪಾಠ ಹೇಳುತ್ತಿತ್ತು. ಈಗ ಅದರ ಒಂದೊಂದು ಪದವೂ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನಂದ್ರು ಕಣೆ ಅವರು?" ಅಮ್ಮ ಬಲಗಿವಿ ತಿರುಗಿಸಿದಳು. "ಆ ಕಡೆ ಕೂತಿದ್ದೆ, ಏನೂ ಕೇಳಿಸಲಿಲ್ಲ. ಮೇಡಂ ನಗ್ತಿದ್ರಲ್ಲ, ಒಳ್ಳೇದೇ ಆಯ್ತಾ?"

"ಕಾರಿನ ಸದ್ದು ಕೇಳ್ತಾ ಇರ್ತೀನಿ ಅಂತ ಹೇಳಿದೆ."

ಅಮ್ಮನ ಕೈ ಎದೆಗೆ ಹೋಯಿತು. "ಹೇಳೇಬಿಟ್ಯಾ? ಅದಕ್ಕೇನಂದ್ರು?"

"ನನಗೆ ಅಪ್ಪ ಅಂದ್ರೆ ತುಂಬಾ ಪ್ರೀತಿಯಂತೆ."

ಅಮ್ಮ ಅವಳನ್ನೇ ನೋಡುತ್ತ ನಿಂತಳು. ಶಾಲೆ ಉಳಿಯಿತೇ ಎಂದು ಕೇಳಲಿಲ್ಲ. ಅದಕ್ಕೆ ಉತ್ತರ ಮಗಳ ಮುಖದಲ್ಲೇ ಇತ್ತು.

ತಿರುವಿನಾಚೆ ಕಾರಿನ ಸದ್ದು ಬಂದಿತು. ಇನ್ನೂ ಕಾಣುತ್ತಿರಲಿಲ್ಲ. ಒಳಗೆ ಕಲಿಯುವವರು ಯಾರೂ ಇರಲಿಲ್ಲ, ಅಡ್ಡ ಬಂದವರೂ ಇರಲಿಲ್ಲ. ಆದರೂ ಟೈರು ಕಿರ್ರೆಂದಿತು. ಕತ್ತರಿಸಿದಂತೆ ನಿಂತಿತು.

"ಅಮ್ಮ," ಎಂದಳು ಹುಡುಗಿ. "ಬಳೆ ತೆಗೆದು ಬ್ಯಾಗಿಗೆ ಹಾಕ್ಕೋ."

ಅಮ್ಮ ತೆಗೆದಳು. ಕಾರು ಬಂದು ನಿಂತಾಗ ಹುಡುಗಿ ಹಿಂದಿನ ಸೀಟಿನಲ್ಲಿ ತಾನು ಯಾವಾಗಲೂ ಕೂರುವ ಬಲಗಡೆ ಬಿಟ್ಟು, ಅಮ್ಮನ ಎಡಕ್ಕೆ, ಕೇಳಿಸದ ಕಿವಿಯ ಪಕ್ಕಕ್ಕೆ ಹೋಗಿ ಕೂತಳು. ಇನ್ನು ಮುಂದೆ ಆ ಕಡೆಯೇ ಅವಳ ಜಾಗ.